ಮಾವನ ಸೆಕೆಂಡ್ ಶಿಫ್ಟು ಮತ್ತು ನಮ್ಮ ಓಣಿ

ನಮ್ಮ ದಾವಣಗೆರೆ ಕಡೆ ಒಬ್ಬರಿಗೆ ಶುಗರ್ ಬಂತು ಅಂದ್ರೆ ಸಂಜೆ ಹೊತ್ತಿಗೆ ಓಣಿಗೆಲ್ಲ ಗೊತ್ತಾಗಿರತ್ತೆ. ಒಬ್ಬರು ಹಾಗಲಕಾಯಿ ರಸ ಕುಡೀರಿ ಅಂತಾರೆ, ಇನ್ನೊಬ್ಬರು ಮೆಂತ್ಯ ನೆನೆಸಿಡಿ ಅಂತಾರೆ, ಆಪರೇಷನ್ ಆದ್ರಂತೂ ಎಳನೀರು ಹಿಡ್ಕೊಂಡು ವಾರ್ಡಿಗೇ ಬಂದ್ಬಿಡ್ತಾರೆ. ಆದ್ರೆ ಮನೇಲಿ ಹಿರಿಯರಿಗೆ ಮರೆವಿನ ಕಾಯಿಲೆ ಶುರುವಾದ್ರೆ ಮಾತ್ರ ನಾವು ಬಾಗಿಲು ಹಾಕ್ಕೊಂಡು ಕೂತ್ಬಿಡ್ತೀವಿ. ಯಾರಾದ್ರೂ ಕೇಳಿದ್ರೆ "ವಯಸ್ಸಾಯ್ತಲ್ರಿ, ಅರಳು ಮರಳು" ಅಂತ ಹೇಳಿ ಮಾತು ಬದಲಾಯಿಸ್ತೀವಿ. ಅಂಜಿಕೆ ಇರೋದು ನಿಜ. ಮೊಮ್ಮಗಳಿಗೆ ಗಂಡು ನೋಡ್ತಿರ್ತಾರೆ, "ಆ ಮನೇಲಿ ತಲೆ ಕೆಟ್ಟೋರಿದಾರಂತೆ" ಅಂತ ಒಂದು ಮಾತು ಹೊರಗೆ ಹೋದ್ರೆ ಸಾಕು. ಅದಕ್ಕೇ ಅಜ್ಜ ಅಜ್ಜಿ ಒಳಗಿನ ಕೋಣೆ ಸೇರ್ತಾರೆ, ಅವರ ಜೊತೆ ನೋಡ್ಕೊಳ್ಳೋರೂ ಒಳಗೇ ಸೇರ್ತಾರೆ.

ನಮ್ಮ ಮಾವನಿಗೆ ಅಲ್ಝೈಮರ್ ಇದೆ. ಅದನ್ನ ಓಣೀಲಿ ಬಾಯಿಬಿಟ್ಟು ಹೇಳಿದ ಮೇಲೆ ನಮ್ಮ ಮನೇಲಿ ಏನೇನು ಬದಲಾಯ್ತು ಅಂತ ಬರೀಬೇಕು ಅಂತ ತುಂಬಾ ದಿನದಿಂದ ಇತ್ತು. ಯಾಕಂದ್ರೆ ಈ ಕಾಯಿಲೆ ಬಗ್ಗೆ ನಮಗೆ ಓದೋಕೆ ಸಿಗೋದು ಬಹುಪಾಲು ಲಕ್ಷಣ ಏನು, ಮಾತ್ರೆ ಯಾವುದು ಅಂತ ಇರತ್ತೆ, ಹಗಲೂ ರಾತ್ರಿ ನೋಡ್ಕೊಳ್ಳೋರು ಏನು ಮಾಡ್ಬೇಕು, ಅವರ ಪಕ್ಕದ ಮನೆಯೋರು ಏನು ಮಾಡ್ಬಹುದು ಅನ್ನೋದು ಕಮ್ಮಿ.

ಮಾವ ಕಾಟನ್ ಮಿಲ್ಲಿನೋರು. ದಾವಣಗೆರೇನ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದ ಕಾಲದಲ್ಲಿ ಸ್ಪಿನ್ನಿಂಗ್ ಖಾತೇಲಿ ಇದ್ರು, ರಿಂಗ್ ಫ್ರೇಮ್ ಅನ್ನೋ ನೂಲು ತೆಗೆಯೋ ಮಿಷಿನ್ ಮುಂದೆ ನಿಂತು ಹರಿದ ಎಳೆ ಕೂಡಿಸೋ ಕೆಲಸ. ಆಮೇಲೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ್ವು, ಮಾವ ಮಂಡಿಪೇಟೇಲಿ ಒಂದು ಅಂಗಡೀಲಿ ಲೆಕ್ಕ ಬರ್ಕೊಂಡು ಮಕ್ಕಳನ್ನ ಓದಿಸಿದ್ರು. ಈಗ ಅವರ ತಲೇಲಿ ಮಂಡಿಪೇಟೆ ಅಳಿಸಿಹೋಗಿದೆ, ಮಿಲ್ಲು ಹಂಗೇ ಇದೆ. ಮಧ್ಯಾಹ್ನ ಎರಡೂವರೆ ಆಗ್ತಿದ್ದಂಗೆ ಚಡಪಡಿಕೆ ಶುರುವಾಗತ್ತೆ, ಅಂಗಿ ಗುಂಡಿ ಹಾಕ್ಕೋತಾರೆ, ಡಬ್ಬಿ ಎಲ್ಲಿ ಅಂತ ಕೇಳ್ತಾರೆ, "ಮೂರಕ್ಕೆ ಗೇಟೊಳಗೆ ಇರ್ಬೇಕು, ಜಾಬರ್ ಸುಮ್ನಿರಲ್ಲ" ಅಂತಾರೆ (ಜಾಬರ್ ಅಂದ್ರೆ ಮಿಲ್ಲಿನ ಮೇಸ್ತ್ರಿ). ಸೆಕೆಂಡ್ ಶಿಫ್ಟು.

ಮೊದಲು ತೋರಿಸಿದ ಕಡೆ ವಯಸ್ಸಿಗೆ ಇದೆಲ್ಲ ಇದ್ದದ್ದೇ ಅಂತ ಟಾನಿಕ್ ಬರ್ಕೊಟ್ಟು ಕಳಿಸಿದ್ರು. ನರರೋಗದ ಡಾಕ್ಟ್ರ ಹತ್ರ ಹೋದಾಗ್ಲೇ ಬಿ12, ಥೈರಾಯ್ಡ್, ಶುಗರ್, ತಲೆ ಸ್ಕ್ಯಾನ್ ಎಲ್ಲ ಆಗಿದ್ದು. ಇದನ್ನ ಬಿಡಿಸಿ ಹೇಳೋಕೆ ಕಾರಣ ಇದೆ. ಮರೆವು ಬಂದೋರಿಗೆಲ್ಲ ಅಲ್ಝೈಮರ್ರೇ ಇರತ್ತೆ ಅಂತಿಲ್ಲ. ಬಿ12 ಕಮ್ಮಿ ಆದ್ರೂ (ಬರೀ ಸಸ್ಯಾಹಾರ ತಿನ್ನೋ ಮನೆಗಳಲ್ಲಿ ಇದನ್ನ ಮರೀಬೇಡಿ), ಥೈರಾಯ್ಡ್ ಕಮ್ಮಿ ಆದ್ರೂ, ಬಚ್ಚಲಲ್ಲಿ ಬಿದ್ದು ತಲೆಯೊಳಗೆ ರಕ್ತ ಕಟ್ಟಿಕೊಂಡಿದ್ರೂ, ಮನಸ್ಸಿಗೆ ಖಿನ್ನತೆ ಹಿಡಿದಿದ್ರೂ ಮನುಷ್ಯ ಮರೀತಾನೆ, ಮಂಕಾಗ್ತಾನೆ, ಇವೆಲ್ಲ ಬಹಳಷ್ಟು ಸಲ ಚಿಕಿತ್ಸೆಗೆ ಬಗ್ಗೋ ತೊಂದರೆಗಳು. ಒಂದು ರಕ್ತ ಪರೀಕ್ಷೇಲಿ ಸಿಕ್ಕಿಬಿಡೋದನ್ನ ವಯಸ್ಸು ಅಂತ ಬಿಟ್ಟುಬಿಡೋದು ನನಗೆ ಸಹಿಸೋಕಾಗಲ್ಲ.

ಆ ಡಾಕ್ಟ್ರು ಮಾವನ ಹತ್ರ ನಡ್ಕೊಂಡ ರೀತಿ ಹೇಳ್ಲೇಬೇಕು. ಹಾಳೆ ಕೊಟ್ಟು ಗಡಿಯಾರ ಬರೀರಿ ಅಂದ್ರು. ಮಾವ ಗುಂಡಗೆ ಬರೆದು ಅಂಕಿಗಳನ್ನೆಲ್ಲ ಬಲಗಡೆಗೇ ತುಂಬಿಸಿದ್ರು, ಮುಳ್ಳು ಎಲ್ಲಿ ಇಡೋದು ಅಂತ ಪೆನ್ನು ಹಿಡ್ಕೊಂಡು ಸುಮ್ಮನೆ ಕೂತ್ರು, ಕೈ ನಡುಗ್ತಿತ್ತು. ಡಾಕ್ಟ್ರು ಹಾಳೆ ಪಕ್ಕಕ್ಕಿಟ್ಟು "ಯಜಮಾನ್ರೇ, ಮಿಲ್ಲಲ್ಲಿ ಎಷ್ಟನೇ ಕೌಂಟ್ ನೂಲು ತೆಗೀತಿದ್ರಿ?" ಅಂತ ಕೇಳಿದ್ರು. ಅಷ್ಟೇ, ಮಾವ ನೆಟ್ಟಗೆ ಕೂತ್ರು, ನಲವತ್ತರ ನೂಲು ದಪ್ಪ, ಅರವತ್ತರದ್ದು ಸಣ್ಣ, ಸಣ್ಣ ನೂಲು ಬೇಗ ಹರಿಯತ್ತೆ, ಹರಿದ ತಕ್ಷಣ ಕೂಡಿಸ್ಬೇಕು ಅಂತ ಬೆರಳಲ್ಲಿ ಹೊಸೆದು ತೋರಿಸಿದ್ರು. ಬೆಳಗ್ಗೆ ಏನು ತಿಂದ್ರಿ ಅಂದ್ರೆ ಅತ್ತೆ ಮುಖ ನೋಡಿದ್ರು.

1906ರಲ್ಲಿ ಜರ್ಮನಿಯ ಅಲೋಯಿಸ್ ಅಲ್ಝೈಮರ್ ಅನ್ನೋ ಡಾಕ್ಟ್ರು ಮೊದಲ ಸಲ ವಿವರಿಸಿದ ಕಾಯಿಲೆ ಇದು, ಪೂರ್ತಿ ವಾಸಿ ಮಾಡೋ ಔಷಧಿ ಇವತ್ತಿಗೂ ಇಲ್ಲ. ಡೊನೆಪೆಜಿಲ್, ಮೆಮಾಂಟಿನ್ ತರದ ಮಾತ್ರೆಗಳು ಕೆಲವರಿಗೆ ಒಂದಷ್ಟು ಕಾಲ ಹಿಡಿತ ಕೊಡ್ತವೆ. ಮಿಕ್ಕಿದ್ದೆಲ್ಲ ಮನುಷ್ಯರೇ ಮಾಡ್ಬೇಕಾದ್ದು. ಮತ್ತೆ ಆ ಮನುಷ್ಯರು ಅಂದ್ರೆ ಯಾರು? ಡಿಮೆನ್ಷಿಯಾ (ಅಲ್ಝೈಮರ್ ಸೇರಿ ಇಂಥ ಮರೆವಿನ ಕಾಯಿಲೆಗಳಿಗೆಲ್ಲ ಒಟ್ಟು ಹೆಸರು) ಇರೋರನ್ನ ಮನೆಯೋರು, ಹತ್ತಿರದೋರು ದಿನಕ್ಕೆ ಸರಾಸರಿ 5 ಗಂಟೆ ನೋಡ್ಕೋತಾರೆ, ಆರೈಕೆಯ ಒಟ್ಟು ಗಂಟೆಗಳಲ್ಲಿ ಶೇ 70ರಷ್ಟನ್ನ ಹೆಂಗಸರೇ ಮಾಡ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ನಮ್ಮ ಕಡೆ ಇದಕ್ಕೆ ಲೆಕ್ಕ ಬೇಕಾ, ಯಾವ ಓಣಿಗೆ ಹೋದ್ರೂ ಕಾಣತ್ತೆ, ಹೆಂಡ್ತಿ, ಇಲ್ಲ ಸೊಸೆ, ಇಲ್ಲ ಮದುವೆ ಆಗದೆ ಉಳಿದ ಮಗಳು. ನಮ್ಮ ದೇಶದಲ್ಲಿ 60 ದಾಟಿದೋರಲ್ಲಿ ಶೇ 7.4 ಜನಕ್ಕೆ, ಅಂದ್ರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಬಂದ ದೊಡ್ಡ ಅಧ್ಯಯನದ ಅಂದಾಜು, ಅದೂ ಪೇಟೆಗಿಂತ ಹಳ್ಳೀಲಿ ಜಾಸ್ತಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ನೋಡ್ಕೊಳ್ಳೋರೂ ಹೆಂಗಸರು, ಕಾಯಿಲೆ ಬೀಳೋರಲ್ಲೂ ಹೆಂಗಸರೇ ಜಾಸ್ತಿ. ಇದನ್ನ ಓದಿದಾಗ ನಾನು ಅತ್ತೆ ಕಡೆ ನೋಡಿದೆ.

ಅತ್ತೆಗೆ ಬಿಪಿ, ಮಂಡಿ ನೋವು. ರಾತ್ರಿ ಮಾವ ಎದ್ದು ಚಿಲಕ ತೆಗೀತಾರೆ ಅಂತ ನಿದ್ದೆ ಇಲ್ಲ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಂದು ಸಲ ಬರೋದು, ಆ ಸಲ ಊರಿಗೆ ಊರೇ ಹೊರಗಿತ್ತು, ಅತ್ತೆ ಬಾಗಿಲಿಗೆ ಬೀಗ ಹಾಕಿ ಒಳಗೆ ಕೂತಿದ್ರು. ಬಂದ ನೆಂಟರೆಲ್ಲ "ನಿಮ್ಮ ಪುಣ್ಯ ದೊಡ್ಡದು, ಗಂಡನ ಸೇವೆ ಮಾಡ್ತಿದೀರಿ" ಅಂತ ಚಾ ಕುಡ್ದು ಹೋಗೋರು. ಆ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರತ್ತೆ. ಪುಣ್ಯ ಅಂತ ಹೆಸರಿಟ್ಟುಬಿಟ್ರೆ ಆ ಹೆಂಗಸು ಸಾಕಾಯ್ತು ಅಂತ ಬಾಯಿ ಬಿಡೋ ಹಂಗೂ ಇಲ್ಲ. ಅತ್ತೆಗೆ ಬೇಕಾಗಿದ್ದಿದ್ದು ಎರಡು ತಾಸು ನಿದ್ದೆ, ಅವರ ಬಿಪಿ ತೋರಿಸ್ಕೊಂಡು ಬರೋಕೆ ಒಂದು ಬೆಳಗ್ಗೆ. ನನ್ನ ಪ್ರಕಾರ ಸಹಾಯ ಅನ್ನೋದನ್ನ ತಾಸಿನಲ್ಲೇ ಅಳೀಬೇಕು. ನಾನು ಬುಧವಾರ ಮೂರರಿಂದ ಐದರ ತನಕ ಕೂತಿರ್ತೀನಿ ಅಂದೋರು ಸಹಾಯ ಮಾಡಿದ್ರು, ಏನಾದ್ರೂ ಬೇಕಿದ್ರೆ ಹೇಳಿ ಅಂದೋರು ಇನ್ನೂ ಮಾಡಿಲ್ಲ.

ನಮ್ಮ ಮನೆ ಬಾಗಿಲು ತೆಗೆದಿದ್ದು ಅತ್ತೇನೇ. ಒಂದಿನ ಮಾವ ಶಿಫ್ಟಿಗೆ ಹೊರಟೋರು ಅಶೋಕ ಟಾಕೀಸ್ ಹತ್ರ ರೈಲ್ವೆ ಗೇಟ್ ತನಕ ಹೋಗಿಬಿಟ್ಟಿದ್ರು, ಆಟೋದ ಹುಡುಗ ಒಬ್ಬ ಗುರುತು ಹಿಡಿದು ಕರ್ಕೊಂಡು ಬಂದ. "ಯಾಕಮ್ಮಾ, ಅಜ್ಜಂಗೆ ಹುಷಾರಿಲ್ವಾ?" ಅಂತ ಕೇಳ್ದ. ಜಗಲಿ ಮೇಲೆ ಅಕ್ಕಪಕ್ಕದೋರೆಲ್ಲ ನಿಂತಿದ್ರು. ಅತ್ತೆ ಎಲ್ಲರಿಗೂ ಕೇಳೋ ಹಂಗೆ "ಅವರಿಗೆ ಮೆದುಳಿನ ಕಾಯಿಲೆ ಕಣಪ್ಪ. ಹುಚ್ಚಲ್ಲ. ದಾರಿ ಮರೀತಾರೆ, ಮಿಲ್ಲಿಗೆ ಹೋಗ್ಬೇಕು ಅಂತಾರೆ. ನೀನು ಎಲ್ಲೇ ಕಂಡ್ರೂ ಕರ್ಕೊಂಡು ಬಾ" ಅಂದ್ರು. ಅಷ್ಟು ವರ್ಷ ಗಂಡನ ಮಾನ ಮಾನ ಅಂತ ಕಾಯ್ದಿದ್ದ ಹೆಂಗಸು, ನಾನು ಅವರನ್ನ ಅವತ್ತು ನೋಡಿದ್ದು ಬೇರೆ ತರ.

ಆಮೇಲೆ ಆಗಿದ್ದೆಲ್ಲ ಸಣ್ಣ ಸಣ್ಣದು. ಆಟೋ ಸ್ಟ್ಯಾಂಡಿನೋರು ನಮ್ಮ ನಂಬರ್ ಇಟ್ಕೊಂಡ್ರು. ಕಿರಾಣಿ ಅಂಗಡಿಯೋರು ಮಾವ ಒಂದೇ ದಿನ ಎರಡು ಮೂರು ಸಲ ಬೆಲ್ಲ ಕೊಳ್ಳೋಕೆ ಬಂದ್ರೆ ಜಗಳ ಮಾಡದೆ ಕೊಟ್ಟು ಸಂಜೆ ನಮ್ಮಿಂದ ವಾಪಸ್ ಇಸ್ಕೊಳ್ಳೋಕೆ ಒಪ್ಪಿದ್ರು. ಮಾವನ ಅಂಗಿ ಜೇಬಲ್ಲಿ ಹೆಸರು, ನಂಬರ್ ಬರೆದ ಲ್ಯಾಮಿನೇಷನ್ ಕಾರ್ಡು ಇದೆ, ಅಂಗಿ ಬದಲಾದಾಗ ಕಾರ್ಡು ಮರೆಯತ್ತೆ ಅಂತ ಎಲ್ಲಾ ಅಂಗಿಗೂ ಒಳಗೆ ಬಟ್ಟೆ ಪಟ್ಟಿ ಹೊಲಿಸಿ ನಂಬರ್ ಬರೆದಿದೀವಿ. ಆ ಪಟ್ಟಿ ಹೊಲ್ಕೊಟ್ಟಿದ್ದು ಓಣಿ ತುದಿಯ ಟೈಲರಣ್ಣ.

ಟೈಲರಣ್ಣನ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ. ಮಾವ ಹಾಸಿಗೆ ಅಂಚಿನಿಂದ ದಾರ ಎಳೆದು ಎಳೆದು ಹೊಸೀತಾ ಕೂತಿರ್ತಿದ್ರು, ಚಾದರೆಲ್ಲ ಹಾಳು. ಅದನ್ನ ಟೈಲರಣ್ಣ ನೋಡಿದ್ದ. ಒಂದಿನ ಎರಡೂವರೆಗೆ ಮಾವ ಹೊರಟಾಗ ಅವನೇ ಅಂಗಡಿ ಮೆಟ್ಟಿಲಿಂದ "ಬರ್ರಿ ಅಜ್ಜ, ಇವತ್ತು ಡ್ಯೂಟಿ ಇಲ್ಲೇ" ಅಂದ. ಸ್ಟೂಲ್ ಹಾಕಿ ಕೂರಿಸಿ, ಸಿಕ್ಕುಬಿದ್ದ ದಾರದ ಉಂಡೆ ಒಂದನ್ನ ಕೈಗೆ ಕೊಟ್ಟ. ಮಾವ ಮೊದಲು ದಾರ ಬೆಳಕಿಗೆ ಹಿಡಿದು ನೋಡಿದ್ರು, ಆಮೇಲೆ ತುದಿ ಹುಡುಕಿದ್ರು, ಬಿಡಿಸ್ತಾ ಹೋದ್ರು. ಎಲ್ಲಿ ಹರೀತೋ ಅಲ್ಲಿ ಎರಡು ತುದಿ ಬೆರಳಲ್ಲಿ ಹೊಸೆದು ಕೂಡಿಸಿದ್ರು, ಗಂಟು ಕಾಣಲಿಲ್ಲ. ಹೊಲಿಗೆ ಮಿಷಿನ್ ಸದ್ದು ಪಕ್ಕದಲ್ಲಿ ಓಡ್ತಿತ್ತು, ಅವರಿಗೆ ಅದು ಹಿತ. ಈಗ ಅಂಗಡಿ ತೆಗೆದಿರೋ ದಿನ ಮಾವನ ಸೆಕೆಂಡ್ ಶಿಫ್ಟು ಅಲ್ಲೇ, ನಾಲ್ಕೂವರೆಗೆ ಶಾಲೆ ಬಿಟ್ಟು ಬರ್ತಾ ನಾನು ಕರ್ಕೊಂಡು ಬರ್ತೀನಿ. ಆ ಹೊತ್ತಲ್ಲಿ ಅತ್ತೆ ಮಲಗ್ತಾರೆ. ಯಾವ ಡಾಕ್ಟ್ರೂ ಬರ್ಕೊಡದ ಔಷಧಿ ಇದು, ಇಬ್ಬರಿಗೂ ಒಟ್ಟಿಗೆ ಕೆಲಸ ಮಾಡ್ತು. ಟೈಲರಣ್ಣಂಗೆ ಏನಾದ್ರೂ ಕೊಡೋಕೆ ಹೋದ್ರೆ "ಅಜ್ಜ ದಾರ ಬಿಡಿಸಿಕೊಡ್ತಾರಲ್ಲಕ್ಕ" ಅಂತಾನೆ.

ಅಂಗಡಿ ಮುಚ್ಚಿದ ದಿನಕ್ಕೂ ಓಣಿ ಒಂದು ದಾರಿ ಕಂಡ್ಕೊಂಡಿದೆ. ಮಾವ ಹೊರಟ್ರೆ ಯಾರೇ ಇದ್ರೂ "ಇವತ್ತು ವೀಕ್ಲಿ ಆಫ್ ಅಲ್ವಾ ಅಜ್ಜ" ಅಂತಾರೆ. ಹೌದಲ್ಲ ಅಂತ ಮಾವ ವಾಪಸ್ ಬರ್ತಾರೆ, ಕೆಲವು ಸಲ ಖುಷೀಲಿ. ಇದು ಸುಳ್ಳು ಹೇಳಿದಂಗೆ ಅಲ್ವಾ ಅಂತ ನನ್ನ ಮೈದುನ ಬೆಂಗಳೂರಿಂದ ಬಂದಾಗ ಕೇಳಿದ. ಮಿಲ್ಲು ಮುಚ್ಚಿ ಎಷ್ಟೋ ವರ್ಷ ಆಯ್ತು ಅಂತ ನಿಜ ಹೇಳಿದ ದಿನ ಮಾವ ಅವತ್ತೇ ಕೆಲಸ ಕಳ್ಕೊಂಡೋರ ತರ ಅತ್ತಿದ್ದು ಅವನು ನೋಡಿಲ್ಲ. ಮಾರನೇ ದಿನ ಮರೆತಿರ್ತಾರೆ, ಮತ್ತೆ ಹೇಳಿದ್ರೆ ಮತ್ತೆ ಅದೇ ದುಃಖ. ಅವರು ಇರೋ ಜಾಗಕ್ಕೆ ನಾವು ಹೋಗಿ ಮಾತಾಡ್ಸೋದೇ ಸರಿ ಅಂತ ನಾನು ನಂಬಿದೀನಿ.

ಕಿವಿ ವಿಷಯ ಒಂದು ಸೇರಿಸ್ತೀನಿ, ಮಿಲ್ಲಿನ ಹಳೇ ಕೆಲಸಗಾರರ ಮನೆ ಈ ಊರಲ್ಲಿ ಎಷ್ಟಿವೆ ಅಂತ ಗೊತ್ತಲ್ಲ. ಡಿಮೆನ್ಷಿಯಾದಲ್ಲಿ ಸುಮಾರು ಶೇ 45ರಷ್ಟಕ್ಕೆ ನಾವು ತಡೆಯೋಕೆ ಅಥವಾ ಮುಂದೂಡೋಕೆ ಸಾಧ್ಯ ಇರೋ 14 ಅಂಶಗಳು ಕಾರಣ ಅಂತ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಹೇಳತ್ತೆ, ಅದರಲ್ಲಿ ಬಿಪಿ, ಶುಗರ್, ಕೊಲೆಸ್ಟ್ರಾಲ್ ಜೊತೆ ಕಿವಿ ಕೇಳಿಸದೇ ಇರೋದು, ಕಣ್ಣು ಮಂಜಾಗಿದ್ದನ್ನ ಹಂಗೇ ಬಿಡೋದು, ಒಂಟಿಯಾಗಿ ಉಳಿಯೋದೂ ಇದೆ. ಫ್ರೇಮುಗಳ ಸದ್ದಲ್ಲಿ ಜೀವನ ಕಳೆದೋರ ಕಿವಿ ಪರೀಕ್ಷೆ ಮಾಡಿಸಿ, ಕನ್ನಡಕದ ನಂಬರ್ ನೋಡ್ಸಿ. ಕೇಳಿಸದೆ ಪೆಚ್ಚಾಗಿ ಕೂತೋರನ್ನ ಏನೂ ತಿಳಿಯಲ್ಲ ಅಂತ ಬದಿಗೆ ತಳ್ಳಿದ್ರೆ ಒಂಟಿತನಾನೂ ಸೇರ್ಕೊಳತ್ತೆ.

ಬರೀ ಓಣಿ ಸಾಕಾಗಲ್ಲ, ಯಾಕಂದ್ರೆ ಈ ಕಾಯಿಲೆಯೋರು ಓಣಿ ದಾಟ್ತಾರೆ. ನನ್ನ ಗೆಳತಿಯ ಅಮ್ಮ ಒಂದಿನ ಹರಿಹರದ ಬಸ್ ಹತ್ತಿಬಿಟ್ಟಿದ್ರು. ಹೆಂಗಸರಿಗೆ ಟಿಕೆಟ್ ಫ್ರೀ ಆದ್ಮೇಲೆ ಕೈಯಲ್ಲಿ ದುಡ್ಡಿಲ್ದೇನೂ ಬಸ್ ಹತ್ತಬಹುದು, ಆಗಲಿ, ಅದು ಒಳ್ಳೇದೇ. ಕಂಡಕ್ಟರ್ ಹೆಣ್ಣುಮಗಳು ಆಧಾರ್ ಕೇಳಿದ್ದಾಳೆ, ಅವರು ಆಧಾರ್ ಅಂದ್ರೆ ಏನು ಅನ್ನೋ ಹಂಗೆ ನೋಡಿದಾರೆ, ಎಲ್ಲಿಗೆ ಹೋಗ್ಬೇಕು ಅಂದ್ರೆ "ಅವ್ವನ ಮನೆಗೆ" ಅಂದಿದಾರೆ. ಎಂಬತ್ತರ ಹತ್ತಿರದ ಅಜ್ಜಿ ಅವ್ವನ ಮನೆ ಅಂದಾಗ ಆ ಹುಡುಗಿಗೆ ಹೊಳೆದಿದೆ. ಬೈದು ಇಳಿಸದೆ ಪಕ್ಕ ಕೂರಿಸ್ಕೊಂಡು ಬಳೆಯಂಗೆ ಹಾಕಿದ್ದ ಸ್ಟೀಲ್ ಪಟ್ಟೀಲಿ ಇದ್ದ ನಂಬರಿಗೆ ಫೋನ್ ಮಾಡಿದ್ಲು. ಅವಳಿಗೆ ಇದನ್ನ ಯಾರೂ ಕಲಿಸಿರ್ಲಿಲ್ಲ, ಅವಳ ಸ್ವಂತ ಅಂತಃಕರಣ. ಆದ್ರೆ ಜಪಾನಿನಲ್ಲಿ ಇದನ್ನ ಕಲಿಸ್ತಾರೆ. 2005ರಿಂದ ಅಲ್ಲಿ ಅಂಗಡಿಯೋರಿಗೆ, ಬ್ಯಾಂಕಿನೋರಿಗೆ, ಶಾಲೆ ಮಕ್ಕಳಿಗೆ ಸುಮಾರು ಒಂದೂವರೆ ಗಂಟೆ ಪಾಠ ಮಾಡಿ ಡಿಮೆನ್ಷಿಯಾ ಬೆಂಬಲಿಗರು ಅಂತ ಕಿತ್ತಳೆ ಬಣ್ಣದ ಕೈಪಟ್ಟಿ ಕೊಡ್ತಿದಾರೆ, ಹಂಗೆ ಕಲಿತೋರು 1 ಕೋಟಿ ದಾಟಿದಾರೆ. ಒಂದೂವರೆ ಗಂಟೆ ಅಷ್ಟೇ. ನಮ್ಮ ಬಸ್ ಡಿಪೋದಲ್ಲಿ, ಪೊಲೀಸ್ ಸ್ಟೇಷನ್ನಲ್ಲಿ, ಪಿಂಚಣಿ ಕೊಡೋ ಬ್ಯಾಂಕಲ್ಲಿ ಅಷ್ಟು ಹೊತ್ತು ಕೂತು ಹೇಳೋಕೆ ಆಗಲ್ವಾ?

ನೋಡ್ಕೊಳ್ಳೋರು ಸೇರೋ ಸಭೆ ಶುರುವಾಗಿದ್ದು ಆ ಗೆಳತಿಯಿಂದ. ತಿಂಗಳಿಗೊಂದು ಭಾನುವಾರ ನಮ್ಮ ಶಾಲೆಯ ಒಂದು ರೂಮು ಕೇಳಿ ತಗೊಂಡ್ವಿ. ಮೊದಲ ಸಲ ನಾಲ್ಕೈದು ಮನೆಯೋರು ಬಂದಿದ್ರು, ಒಬ್ಬರಿಗೊಬ್ಬರು ಮುಖ ನೋಡ್ಕೊಂಡು ಕೂತಿದ್ವಿ. ಆಮೇಲೆ ಒಬ್ಬರು "ನಮ್ಮವ್ವ ನಾನು ದುಡ್ಡು ಕದ್ದೆ ಅಂತಾಳೆ, ದಿನಾ" ಅಂದ್ರು ನೋಡಿ, ಎಲ್ಲರ ಬಾಯಿಂದಲೂ "ನಮ್ಮ ಮನೇಲೂ ಅದೇ" ಅಂತ ಬಂತು. ಕದ್ದೆ ಅನ್ನಿಸಿಕೊಂಡ ಸೊಸೆಗೆ ಅದು ಕಾಯಿಲೆಯ ಮಾತು, ಅತ್ತೆಯ ಮಾತಲ್ಲ ಅಂತ ನಾನು ಹೇಳೋದಕ್ಕೂ ಅದನ್ನ ಅನುಭವಿಸಿದ ಇನ್ನೊಬ್ಬ ಸೊಸೆ ಹೇಳೋದಕ್ಕೂ ತೂಕ ಬೇರೆ. ಸ್ನಾನಕ್ಕೆ ಒಪ್ಪಲ್ಲ ಅಂದ್ರೆ ತಲೆ ಮೇಲೆ ನೀರು ಸುರೀಬೇಡಿ, ಮೊದಲು ಕಾಲಿಗೆ ಹಾಕಿ, ತಂಬಿಗೆ ಅವರ ಕೈಗೇ ಕೊಡಿ. ಸಂಜೆ ಹೊತ್ತು ಗಲಿಬಿಲಿ ಜಾಸ್ತಿ ಆಗೋರಿಗೆ ಕತ್ತಲಾಗೋ ಮುಂಚೆನೇ ಲೈಟ್ ಹಾಕ್ಬಿಡಿ. ಇಂಥವು ನಾವು ಒಬ್ಬರಿಂದೊಬ್ಬರು ಕಲಿತಿದ್ದು.

ರಿಟೈರ್ಡ್ ಮೇಷ್ಟ್ರು ಒಬ್ಬರು ಬರ್ತಾರೆ, ಹೆಂಡ್ತಿಗೆ ಕಾಯಿಲೆ. ಅವರಿಗೆ ಅಡುಗೆ ಬರ್ತಿರ್ಲಿಲ್ಲ, ಕಲಿತ್ರು. ಆದ್ರೆ ಹೆಂಡ್ತಿ ತಲೆ ಬಾಚಿಸ್ಕೊಳ್ಳೋಕೆ ಕೂರ್ತಿರ್ಲಿಲ್ಲ, ಕೂದಲು ಜಡೆಗಟ್ಟಿ, ಕತ್ತರಿಸ್ಬಿಡಿ ಅಂತ ಎಲ್ಲರೂ ಹೇಳಿದ್ರಂತೆ. ಮೇಷ್ಟ್ರಿಗೆ ಮನಸ್ಸು ಬರ್ಲಿಲ್ಲ, ಆಕೆ ಜೀವನವಿಡೀ ಹೂ ಮುಡಿದ ಹೆಂಗಸು. ಪಕ್ಕದ ಮನೆಯ ಹೈಸ್ಕೂಲ್ ಹುಡುಗಿ ಹತ್ರ ಜಡೆ ಹೆಣೆಯೋದು ಕಲಿತ್ರು, ಅದೂ ಮೊದಲು ಟವೆಲ್ಲಿನ ದಶಿ ಮೇಲೆ ಮೂರು ಎಳೆ ಹಿಡಿದು ಪ್ರಾಕ್ಟೀಸ್ ಮಾಡಿ. ಈಗ ಬೆಳಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ತುದಿಯಿಂದ ಸಿಕ್ಕು ಬಿಡಿಸ್ತಾ ಬಂದ್ರೆ ಆಕೆ ಸುಮ್ಮನೆ ಕೂರ್ತಾರಂತೆ. ಸಭೇಲಿ ಇದನ್ನ ಹೇಳುವಾಗ ಅವರಿಗೆ ಸ್ವಲ್ಪ ಸಂಕೋಚ ಇತ್ತು, ಹೆಂಗಸರೆಲ್ಲ ಎಷ್ಟು ಗೌರವದಿಂದ ಕೇಳಿದ್ರು ಅಂತ ಹೇಳೋಕಾಗಲ್ಲ.

ಇನ್ನೊಂದು ಮನೆಯೋರು ತಂದೇನ ಬೆಂಗಳೂರಿನ ಆರೈಕೆ ಕೇಂದ್ರಕ್ಕೆ ಸೇರಿಸಿದ್ರು. ಊರಲ್ಲಿ ಆಡ್ಕೊಂಡೋರಿಗೆ ಲೆಕ್ಕ ಇಲ್ಲ. ಮಗಳಿಗೆ ಸ್ವತಃ ಹೃದಯದ ತೊಂದರೆ, ಎತ್ತಿ ಕೂರಿಸೋ ಶಕ್ತಿ ಇಲ್ಲ, ಏನು ಮಾಡ್ಬೇಕಿತ್ತು? ಅವರನ್ನ ಬೈದೋರಲ್ಲಿ ಒಬ್ಬರಾದ್ರೂ ಒಂದು ರಾತ್ರಿ ಬಂದು ಮಲಗಿದ್ರಾ ಅಂತ ಕೇಳ್ಬೇಕು ಅನ್ಸತ್ತೆ.

ಮನೆಯೋರು, ಓಣಿಯೋರು ಮಾಡೋದನ್ನ ಮಾಡ್ತಾರೆ ಅಂತ ಸರ್ಕಾರ ಸುಮ್ಮನಿರೋದೂ ತಪ್ಪು. ನಮಗೆ ಹತ್ತಿರದ ಬಳ್ಳಾರಿ ಜಿಲ್ಲೇಲೇ 1980ರ ದಶಕದಲ್ಲಿ ನಿಮ್ಹಾನ್ಸ್‌ನೋರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟ್ರಿಗೆ, ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಹಳ್ಳೀಲೇ ಚಿಕಿತ್ಸೆ ಸಿಗೋ ಹಂಗೆ ಮಾಡಿದ್ರು. ಅದನ್ನೇ ಮಾದರಿ ಮಾಡ್ಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಬಳ್ಳಾರೀಲಿ ಅವತ್ತು ಆಗಿದ್ದು ಇವತ್ತು ಮರೆವಿನ ಕಾಯಿಲೆಗೆ ಯಾಕೆ ಆಗ್ಬಾರ್ದು? ಮನೆಮನೆಗೆ ಹೋಗೋ ಆಶಾ ಕಾರ್ಯಕರ್ತೆಗೆ ನಾಲ್ಕು ಪ್ರಶ್ನೆ ಕೇಳೋದು ಕಲಿಸಿ, ಆ ಕೆಲಸಕ್ಕೆ ಸರಿಯಾಗಿ ದುಡ್ಡೂ ಕೊಡಿ. ನಮ್ಮ ಊರಲ್ಲಿ ಮೆಡಿಕಲ್ ಕಾಲೇಜು ಇವೆ, ನರ್ಸಿಂಗ್ ಕಾಲೇಜು ಇವೆ, ಓದೋ ಮಕ್ಕಳನ್ನ ವಾರಕ್ಕೊಂದು ಮಧ್ಯಾಹ್ನ ಇಂಥ ಮನೆಗಳಿಗೆ ಕಳಿಸಬಹುದು. ಜಾಗ ಬೇಕು ಅಂದ್ರೆ ವಾರ್ಡಿನ ಸಮುದಾಯ ಭವನ ಇದೆ, ಆಷಾಢದಲ್ಲಿ ಕಲ್ಯಾಣ ಮಂಟಪಗಳು ಖಾಲಿ ಬಿದ್ದಿರ್ತವೆ, ಮಠಗಳಲ್ಲಿ ದಾಸೋಹದ ಹಾಲ್ ಇವೆ. ಹಗಲು ನಾಲ್ಕು ತಾಸು ಹಿರಿಯರನ್ನ ಕೂರಿಸ್ಕೊಂಡು ಕಾಳು ಹಸನು ಮಾಡ್ಸಿ, ವಚನ ಹಾಡ್ಸಿ, ಊಟ ಹಾಕಿ ಕಳ್ಸೋ ವ್ಯವಸ್ಥೆ ವಾರ್ಡಿಗೊಂದು ಆದ್ರೆ ಎಷ್ಟು ಅತ್ತೆಯರು ಮಲಗ್ತಾರೆ.

ಸದ್ಯಕ್ಕೆ ಇರೋದನ್ನ ಹೇಳ್ತೀನಿ. ಹಿರಿಯರ ಸಹಾಯವಾಣಿ 14567, ಫ್ರೀ. ಮನಸ್ಸಿಗೆ ತಡ್ಕೊಳ್ಳೋಕಾಗ್ತಿಲ್ಲ ಅಂದಾಗ ಟೆಲಿ ಮಾನಸ್ 14416, ರಾತ್ರೀನೂ ಎತ್ತುತಾರೆ, ಕನ್ನಡದಲ್ಲೇ ಮಾತಾಡಬಹುದು, ನೋಡ್ಕೊಳ್ಳೋರೂ ತಮಗಾಗಿ ಮಾಡಬಹುದು, ಮಾಡಿ. ತಾಲ್ಲೂಕು ಆಸ್ಪತ್ರೇಲಿ ಮನೋಚೈತನ್ಯ ಅನ್ನೋ ಮಾನಸಿಕ ಆರೋಗ್ಯದ ಕ್ಲಿನಿಕ್ ಯಾವ ಮಂಗಳವಾರ ನಡೆಯತ್ತೆ ಅಂತ ವಿಚಾರಿಸ್ಕೊಳ್ಳಿ. ನಮ್ಮಿಂದ ದೊಡ್ಡ ಆಸ್ಪತ್ರೆ ಬೇಕು ಅಂದ್ರೆ ಬೆಂಗಳೂರಿನ ನಿಮ್ಹಾನ್ಸ್ ಒಂದು ಕಡೆ, ಧಾರವಾಡದ ಡಿಮ್ಹಾನ್ಸ್ ಇನ್ನೊಂದು ಕಡೆ. 1992ರಲ್ಲಿ ಕೊಚ್ಚಿಯಲ್ಲಿ ಶುರುವಾದ ಎಆರ್‌ಡಿಎಸ್‌ಐ ಅನ್ನೋ ಸಂಸ್ಥೆ ಇದೇ ಕಾಯಿಲೆಯ ಮನೆಗಳಿಗಾಗಿ ಕೆಲಸ ಮಾಡತ್ತೆ, ಬೆಂಗಳೂರಲ್ಲೂ ಅವರ ಘಟಕ ಇದೆ. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಟ್ರಸ್ಟಿನ ಡಿಮೆನ್ಷಿಯಾ ಕೇಂದ್ರ ಇದೆ.

ನಮ್ಮ ಮುಂದಿನ ಭಾನುವಾರದ ಸಭೆಗೆ ನರ್ಸಿಂಗ್ ಓದೋ ಹುಡುಗಿ ಒಬ್ಬಳು ಬರ್ತೀನಿ ಅಂದಿದಾಳೆ, ಮಲಗಿದಲ್ಲೇ ಇರೋರಿಗೆ ಬೆನ್ನು ಹುಣ್ಣಾಗದಂಗೆ ಹೆಂಗೆ ಮಗ್ಗುಲು ಬದಲಾಯಿಸ್ಬೇಕು ಅಂತ ತೋರಿಸ್ತಾಳೆ. ಮೇಷ್ಟ್ರು ಮಂಡಕ್ಕಿ ಮಿರ್ಚಿ ತರ್ತೀನಿ ಅಂದಿದಾರೆ. ದಾವಣಗೆರೆ, ಹರಿಹರ, ಚನ್ನಗಿರಿ ಕಡೆ ಯಾರ ಮನೇಲಾದ್ರೂ ಈ ಕಾಯಿಲೆ ಇದ್ರೆ ಬನ್ನಿ. ನಿಮ್ಮ ಹಿರಿಯರನ್ನ ಯಾರ ಹತ್ರ ಬಿಟ್ಟು ಬರೋದು ಅನ್ನೋ ಯೋಚನೆ ಇದ್ರೆ ಅವರನ್ನೂ ಕರ್ಕೊಂಡೇ ಬನ್ನಿ, ಪಕ್ಕದ ರೂಮಲ್ಲಿ ಅವರ ಜೊತೆ ಕೂತ್ಕೊಳ್ಳೋಕೆ ನಮ್ಮ ಓಣಿಯೋರು ಮೂರು ಜನ ಬರ್ತಿದಾರೆ, ಟೈಲರಣ್ಣನೂ ಅಂಗಡಿಗೆ ರಜೆ ಹಾಕಿ ಬರ್ತಾನೆ.